ಅಪ್‌ಡೇಟ್: ಧಾರವಾಡದ ಮಾಳಿಗೆ ಮನೆಗೆ ಸಂರಕ್ಷಿತ ಸ್ಥಾನ

ಧಾರವಾಡದ ಹಳೇ ಮಾಳಿಗೆ ಮನೆಗೆ ಸಂರಕ್ಷಿತ ಸ್ಮಾರಕದ ಸ್ಥಾನ ಕೇಳಬಹುದಾ ಅಂತ ಹಿಂದೆ ಕೇಳಿದ್ದೆ. ಸದ್ಯ ಅರ್ಜಿ ಹಾಕುವುದಿಲ್ಲ.

ರಾಜ್ಯದ 1961ರ ಸ್ಮಾರಕ ಕಾಯ್ದೆಯಡಿ ಬರಲು ಕಟ್ಟಡಕ್ಕೆ ಕನಿಷ್ಠ 100 ವರ್ಷ ಆಗಿರಬೇಕು. ಮುಂಬೈ ಪ್ರಾಂತದ ಕಾಲದ ಉತಾರದಲ್ಲಿ (ಜಮೀನಿನ ದಾಖಲೆ) ಜಾಗದ ಲೆಕ್ಕ ಸಿಕ್ಕಿತು, ಕಟ್ಟಡದ್ದಲ್ಲ; ಹಾಗಾಗಿ ಮನೆಯ ವಯಸ್ಸಿಗೆ ಅದು ಪುರಾವೆ ಆಗುವುದಿಲ್ಲ. ಪಡಸಾಲೆಯ ಸಾಗವಾನಿ ಕಂಬ, ಬೋದಿಗೆ (ಕಂಬದ ತಲೆಯ ಮೇಲಿನ ಮರದ ತುಂಡು), ಜಂತಿ ಹಳೆಯವೇ. ಹಿತ್ತಿಲ ಕಡೆ ಇಟ್ಟಿಗೆ ಕಟ್ಟಿದ್ದು ಮಾತ್ರ ಸಿಮೆಂಟಿನಲ್ಲಿ. ಹಾಗಾಗಿ ಹಳೇ ಕಟ್ಟಡ ಅನ್ನೋ ಬೆಲೆ ಪಡಸಾಲೆಗಷ್ಟೇ.

ಮೊದಲು ದುರಸ್ತಿ. ಮಣ್ಣಿನ ಗೋಡೆಗೆ ಬಳಿದ ಸಿಮೆಂಟ್ ಗಿಲಾವು ತೇವ ಹೊರಬಿಡದೆ, ನೆಲದಿಂದ 3 ಅಡಿವರೆಗೆ ಉಪ್ಪು ಹೊರಬಂದು ಮಣ್ಣು ಉದುರುತ್ತಿದೆ. ಆ ಗಿಲಾವನ್ನು ಕಿತ್ತು, ಗೋಡೆಯನ್ನು ಬೇಸಿಗೆಯಲ್ಲಿ ಒಣಗಲು ಬಿಟ್ಟು, 1 ಪಾಲು ಸುಣ್ಣಕ್ಕೆ 3 ಪಾಲು ಮರಳಿನ ಗಾರೆ ಹಚ್ಚಬೇಕು. ಗಾರೆಗೆ 'ಗಟ್ಟಿ ಆಗ್ಲಿ' ಅಂತ ಮೇಸ್ತ್ರಿ ಸಿಮೆಂಟ್ ಬೆರೆಸದಂತೆ ಪಕ್ಕದಲ್ಲೇ ನಿಂತಿರಬೇಕು!