ಕಿಡ್ನಿ ಆಕಾರದ ಪೂಲ್‌ಗೆ ಸೋಲಾರ್ ಕವರ್: ಕತ್ತರಿಸೋದು ಹೇಗೆ?

ಪ್ರಶ್ನೆ: ಮಡಿಕೇರಿ ಕಡೆಯ ಹೋಂಸ್ಟೇ ಪೂಲ್. ಉದ್ದ 28 ಅಡಿ, ತೀರಾ ಅಗಲ ಇರೋ ಕಡೆ 14. ಸೋಲಾರ್ ಕವರ್ (ನೀರಿನ ಮೇಲೆ ತೇಲಿ ಶಾಖ ಉಳಿಸೋ ಗುಳ್ಳೆ ಪ್ಲಾಸ್ಟಿಕ್ ಹಾಳೆ) ಆಯತಾಕಾರದಲ್ಲೇ ಸಿಗ್ತಿದೆ. ಯಾವ ಸೈಜ್ ತರಿಸಲಿ? ಕವರ್ ಸುತ್ತಿಡೋ ರೋಲರ್ ಕೂರುತ್ತಾ?

ಉತ್ತರ 1: 30×16 ತರಿಸಿ ಸರ್. ಗುಳ್ಳೆ ಇರೋ ಮೈ ನೀರಿಗೆ. ಹಾಸಿದ ತಕ್ಷಣ ಕತ್ತರಿ ಹಿಡೀಬೇಡಿ. ಎರಡು ದಿನ ಬಿಸಿಲಿಗೆ ಬಿಟ್ರೆ ಮಡಿಕೆ ಬಿಡುತ್ತೆ. ಮೊದಲ ಸುತ್ತು ಎರಡಿಂಚು ಹೆಚ್ಚು ಬಿಟ್ಟು ಕತ್ತರಿಸಿ, ಆಮೇಲೆ ನೀರಿನ ಅಂಚಿಗೆ ಸರಿಮಾಡಿ. ಒಳಬಾಗಿದ ಜಾಗದಲ್ಲಿ ಹುಷಾರು. ಅಲ್ಲಿ ಅಂಚು ದಂಡೆ ಹತ್ತಿ ಕೂತ್ರೆ ಗಾಳಿ ಒಳನುಗ್ಗಿ ಕವರನ್ನೇ ಎತ್ತುತ್ತೆ, ಆವಿಯೂ ತಪ್ಪಿಸಿಕೊಳ್ಳುತ್ತೆ. ಪೂಲ್ ಶಾಖ ಕಳ್ಕೊಳ್ಳೋದು ಹೆಚ್ಚಾಗಿ ಆವಿಯಿಂದಲೇ.

ಉತ್ತರ 2: ಒಂದೇ ಹಾಳೆ ರೋಲರ್‌ಗೆ ಸುತ್ತಿದ್ರೆ ಓರೆಯಾಗುತ್ತೆ. ಪೂಲ್ ಒಳಬಾಗಿದ ಸೊಂಟದ ಹತ್ರ ಅಡ್ಡ ಕತ್ತರಿಸಿ ಎರಡು ತುಂಡು ಮಾಡಿ, ಕೈಯಲ್ಲೇ ಎಳೀಬಹುದು. ಸುತ್ತಿಟ್ಟದ್ದನ್ನ ಬಿಸಿಲಲ್ಲಿ ಬಿಡಬೇಡಿ, ಪದರಗಳ ನಡುವೆ ಕಾವು ಸೇರಿ ಗುಳ್ಳೆ ಕರಗುತ್ತೆ. ಶಾಕ್ ಕ್ಲೋರಿನ್ (ಒಮ್ಮೆಗೇ ಹೆಚ್ಚು ಪ್ರಮಾಣದ ಕ್ಲೋರಿನ್) ಹಾಕಿದ ದಿನ ಮುಚ್ಚಲೇಬೇಡಿ.

ಉತ್ತರ 3: ಇದು ಸೇಫ್ಟಿ ಕವರ್ ಅಲ್ಲ ರೀ. ಮಗು ಕಾಲಿಟ್ರೆ ಕವರ್ ಕೆಳಗೆ ಸಿಕ್ಕಿಕೊಳ್ಳುತ್ತೆ. ಬೇಲಿ ಬೇಕೇ ಬೇಕು. ಈಜೋಕೆ ಮುಂಚೆ ಎರಡೂ ತುಂಡು ಪೂರ್ತಿ ತೆಗೀರಿ.