ಕೆಮ್ಮಿದ್ರೆ ಹಿಂದಲೆ ಸಿಡಿಯುತ್ತೆ, ಎಂಆರ್‌ಐನಲ್ಲಿ ಕಿಯಾರಿ ಅಂತ ಬಂದಿದೆ, ಆಪರೇಷನ್ ಬೇಕೇ ಬೇಕಾ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ನಂಗೆ 34 ವರ್ಷ, ಊರು ದಾವಣಗೆರೆ. ಎರಡು ವರ್ಷದಿಂದ ಕೆಮ್ಮಿದ್ರೆ, ಸೀನಿದ್ರೆ, ಜೋರಾಗಿ ನಕ್ಕರೂ ಸಾಕು, ತಲೆ ಹಿಂದೆ ಕುತ್ತಿಗೆ ಸೇರೋ ಜಾಗದಲ್ಲಿ ಸಿಡಿದಂಗೆ ನೋವು, ಅರ್ಧ ನಿಮಿಷ ಇದ್ದು ಹೋಗುತ್ತೆ. ಮೈಗ್ರೇನ್, ಗ್ಯಾಸ್ಟ್ರಿಕ್, ಟೆನ್ಷನ್ ಅಂತ ಮಾತ್ರೆ ನುಂಗಿದ್ದೇ ಆಯ್ತು. ಹೋದ ವಾರ ಎಂಆರ್‌ಐ ಮಾಡಿಸಿದ್ವಿ, ಕಿಯಾರಿ ಟೈಪ್ 1, ಟಾನ್ಸಿಲ್ 9 ಮಿ.ಮೀ. ಕೆಳಗಿಳಿದಿದೆ ಅಂತ ರಿಪೋರ್ಟ್. ಅಮ್ಮ ಗಂಟಲಿನ ಟಾನ್ಸಿಲ್ ಅಂತಾನೇ ತಿಳ್ಕೊಂಡಿದ್ದಾರೆ, ಬಿಡಿಸಿ ಹೇಳೋಕೆ ನಂಗೂ ಬರಲ್ಲ. ಡಾಕ್ಟರ್ ಆಪರೇಷನ್ ಅಂತಿದ್ದಾರೆ. ಮಗಳಿಗಿನ್ನೂ ನಾಲ್ಕು ವರ್ಷ, ರಾತ್ರಿ ನಿದ್ದೆ ಬರ್ತಿಲ್ಲ. ಮಾಡಿಸ್ಕೊಂಡೋರು ಯಾರಾದ್ರೂ ಇದ್ದೀರಾ?

ಉತ್ತರ 1:
ಅಕ್ಕಾ, ನಂಗೆ 2019ರಲ್ಲಿ ಆಗಿದೆ. ಅಮ್ಮನಿಗೆ ಹೀಗೆ ಹೇಳಿ: ಕಿರುಮೆದುಳಿನ ಕೆಳತುದಿಗೂ ಟಾನ್ಸಿಲ್ ಅಂತಾರೆ, ತಲೆಬುರುಡೆ ತಳದಲ್ಲಿ ಬೆನ್ನುಹುರಿ ಇಳಿಯೋ ತೂತಿದೆಯಲ್ಲ, ಅದರೊಳಗೆ ಅದು ಬೆಣೆ ಥರ ಜಾರಿ ಕೂತಿದೆ, ಇದಕ್ಕೇ ಕಿಯಾರಿ ಅನ್ನೋದು, ಮೆದುಳಿನ ಸುತ್ತ ಇರೋ ನೀರು ಓಡಾಡೋಕೆ ದಾರಿ ಸಾಲ್ತಿಲ್ಲ, ಅದಕ್ಕೇ ಕೆಮ್ಮಿದ ಕೂಡ್ಲೇ ಒತ್ತಡ ಏರಿ ನೋವು. ಆಪರೇಷನ್‌ನಲ್ಲಿ ನಂಗೆ ಹಿಂದಲೆ ಮೂಳೆ ಸ್ವಲ್ಪ, ಕುತ್ತಿಗೆಯ ಮೊದಲನೇ ಮೂಳೆಯ ಹಿಂಬದಿ ತೆಗೆದು, ಮೆದುಳಿನ ಹೊದಿಕೆ ಬಿಚ್ಚಿ ತೇಪೆ ಹಾಕಿ ಜಾಗ ಅಗಲ ಮಾಡಿದ್ರು. ಮೆದುಳನ್ನ ಕತ್ತರಿಸಲಿಲ್ಲ. ಮೊದಲ ಎರಡು ವಾರ ಕುತ್ತಿಗೆ ಮರದ ಕೊರಡು, ವಾಂತಿ ಬೇರೆ, ಸುಳ್ಳು ಹೇಳಲ್ಲ, ಕಷ್ಟ ಆಯ್ತು. ಆದ್ರೆ ಕೆಮ್ಮಿನ ನೋವು ಹೋಯ್ತು, ಇವತ್ತಿನವರೆಗೂ ಬಂದಿಲ್ಲ. ಮೈಗ್ರೇನ್ ಮಾತ್ರ ಹಾಗೇ ಇದೆ, ಎಲ್ಲಾ ತಲೆನೋವೂ ಇದರಿಂದ ಹೋಗುತ್ತೆ ಅಂತ ಆಸೆ ಇಟ್ಕೋಬೇಡಿ. ಮನೆಗೆ ಬಂದ್ಮೇಲೆ ಹೊಲಿಗೆಯಿಂದ ನೀರು ಜಿನುಗಿದ್ರೆ, ಜ್ವರ ಬಂದ್ರೆ ಒಂದು ಗಂಟೆನೂ ಕಾಯ್ಬೇಡಿ, ಆಸ್ಪತ್ರೆಗೆ ಓಡಿ.

ಉತ್ತರ 2:
ಮೇಡಂ, ಬೆನ್ನುಹುರಿದೂ ಎಂಆರ್‌ಐ ಆಗಿದ್ಯಾ? ನಮ್ಮ ತಮ್ಮ ಕಾದ ಹೆಂಚು ಮುಟ್ಟಿ ಬೊಬ್ಬೆ ಎದ್ರೂ ಗೊತ್ತಾಗ್ಲಿಲ್ಲ, ನೋಡಿದ್ರೆ ಹುರಿಯೊಳಗೆ ನೀರಿನ ಚೀಲ, ಸಿರಿಂಕ್ಸ್ ಅಂತಾರೆ. ಅದಿದ್ರೆ ತಡ ಮಾಡ್ಬಾರ್ದು, ಹೋದ ಸ್ಪರ್ಶ ಪೂರ್ತಿ ವಾಪಸ್ ಬರೋದು ಗ್ಯಾರಂಟಿ ಇಲ್ಲ. ಬರೀ ಮಿಲಿಮೀಟರ್ ನೋಡಿ ಆಪರೇಷನ್ ಮಾಡಲ್ಲ, ಟಾನ್ಸಿಲ್ ಇಳಿದಿದ್ರೂ ಏನೂ ತೊಂದ್ರೆ ಇಲ್ಲದೇ ಇರೋರು ಎಷ್ಟೋ ಜನ. ಇನ್ನೊಂದು, ಎದ್ದು ನಿಂತ್ರೆ ನೋವು ಜಾಸ್ತಿ, ಮಲಗಿದ್ರೆ ಕಮ್ಮಿ ಆಗುತ್ತಾ? ಹಾಗಿದ್ರೆ ಬೆನ್ನಲ್ಲಿ ಎಲ್ಲೋ ನೀರು ಸೋರಿ ಮೆದುಳು ಕೆಳಗೆ ಜಗ್ಗಿರಬಹುದು, ಆಗ ಸೋರಿಕೆಗೇ ಚಿಕಿತ್ಸೆ ಬೇಕು, ಈ ಆಪರೇಷನ್ ಅಲ್ಲ. ಇದನ್ನ ಡಾಕ್ಟರ್ ಹತ್ರ ಬಾಯ್ಬಿಟ್ಟು ಕೇಳಿ. ಬೆಂಗಳೂರಿಗೆ ಬರೋಕಾದ್ರೆ ನಿಮ್ಹಾನ್ಸ್‌ನಲ್ಲಿ ಒಮ್ಮೆ ತೋರಿಸಿ, ಫಿಲ್ಮ್, ಸಿಡಿ ಎರಡೂ ತನ್ನಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೈ ಮುಗೀತೀನಿ. ನಿಂತ್ರೆ ಜಾಸ್ತಿ ಏನಿಲ್ಲ, ಕೆಮ್ಮಿದ್ರೆ ಮಾತ್ರ. ಆದ್ರೆ ಬಲಗೈ ಬೆರಳು ಆಗಾಗ ಜೋಮು ಹಿಡಿಯುತ್ತೆ, ಪಾತ್ರೆ ತೊಳೆದಿದ್ದಕ್ಕೆ ಅನ್ಕೊಂಡು ಡಾಕ್ಟರಿಗೆ ಹೇಳೇ ಇರ್ಲಿಲ್ಲ. ಬೆನ್ನಿನ ಎಂಆರ್‌ಐ ಆಗಿಲ್ಲ, ನಾಳೆ ಬೆಳಿಗ್ಗೆನೇ ಹೋಗಿ ಕೇಳ್ತೀನಿ.