ಮರದ ಟಿಯರ್‌ಡ್ರಾಪ್ ಕ್ಯಾಂಪರ್: ಅಂಚುಪಟ್ಟಿಯ ಸ್ಕ್ರೂ ಸುತ್ತ ಕಪ್ಪು ಕಲೆ, ಒಳಗೆ ತೇವ

ಮಳೆಪಟ್ಟಿ (ಸಿಯಾಟಲ್ ಹತ್ತಿರ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಕಟ್ಟಿದ ಕ್ಯಾಂಪರ್ (ಕಾರಿನ ಹಿಂದೆ ಎಳೆದೊಯ್ಯುವ, ನೀರಹನಿ ಆಕಾರದ ಪುಟ್ಟ ಮಲಗುವ ಗಾಡಿ), 8 ಅಡಿ ಉದ್ದ, 4 ಅಡಿ ಅಗಲ. ಪಕ್ಕದ ಗೋಡೆ 18 ಮಿ.ಮೀ. ಪ್ಲೈವುಡ್, ಛಾವಣಿಗೆ 0.040 ಇಂಚಿನ ಅಲ್ಯೂಮಿನಿಯಂ ಹಾಳೆ. ಹಾಳೆ ಗೋಡೆಗೆ ಸೇರುವ ಅಂಚಿನುದ್ದಕ್ಕೂ 1 ಇಂಚು ಅಗಲ, ಕಾಲಿಂಚು ದಪ್ಪದ ಓಕ್ ಮರದ ಪಟ್ಟಿ. ಪಟ್ಟಿಯ ಕೆಳಗೆ ನೀರು ತಡೆಯುವ ಸಿಲಿಕೋನ್, 8 ಇಂಚಿಗೊಂದು ಜಿಂಕ್ ಲೇಪನದ ಸ್ಕ್ರೂ, ಮೇಲೆ ಮೂರು ಕೋಟ್ ಸ್ಪಾರ್ ವಾರ್ನಿಶ್ (ಬಿಸಿಲು ಮಳೆ ತಡೆಯುವ ವಾರ್ನಿಶ್). ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಮಳೆಯಲ್ಲೇ ನಿಂತಿತ್ತು. ಈಗ ಸ್ಕ್ರೂ ಸುತ್ತ ಕಪ್ಪು ಉಂಗುರ, ಪಟ್ಟಿಯ ಕೆಳತುದಿಯಲ್ಲಿ ವಾರ್ನಿಶ್ ಎದ್ದಿದೆ, ಹಿಂದಿನ ಅಡುಗೆ ಕಪಾಟಿನ ಮೇಲ್ಮೂಲೆಯಲ್ಲಿ ಪ್ಲೈವುಡ್ ತೇವ. ಪಟ್ಟಿಯ ಬದಿಗೆ ಇನ್ನೊಂದು ಸಾಲು ಸಿಲಿಕೋನ್ ಎಳೆದರೆ ಸಾಕಾ, ಪೂರ್ತಿ ಬಿಚ್ಚಬೇಕಾ?

ಉಳಿಸುತ್ತಿಗೆ

ಬಿಚ್ಚಲೇಬೇಕು ಸರ್. ಮೇಲೆ ಸಿಲಿಕೋನ್ ಎಳೆದರೆ ಒಳಗೆ ಹೋದ ನೀರು ಅಲ್ಲೇ ಕೂತು ಪ್ಲೈವುಡ್ಡನ್ನ ಕೊಳೆಸುತ್ತೆ.

ಕಪ್ಪು ಉಂಗುರಕ್ಕೆ ಕಾರಣ ಸ್ಕ್ರೂ. ಜಿಂಕ್ ಸವೆದ ಮೇಲೆ ಕಬ್ಬಿಣ, ನೀರು, ಓಕ್‌ನಲ್ಲಿರುವ ಟ್ಯಾನಿನ್ ಅನ್ನೋ ಒಗರು ಅಂಶ ಮೂರೂ ಸೇರಿ ಮಸಿಯಂಥ ಬಣ್ಣ ಬಿಡುತ್ತೆ. ಅಂದರೆ ಸ್ಕ್ರೂ ತೂತಿನೊಳಕ್ಕೆ ನೀರು ಇಳಿದಿದೆ ಅಂತಲೇ ಲೆಕ್ಕ. ಪಟ್ಟಿ ತೆಗೆದು, ವಾರ್ನಿಶ್ ಕೆರೆದು, 1 ಲೀಟರ್ ಬಿಸಿನೀರಿಗೆ ಸುಮಾರು 50 ಗ್ರಾಂ ಆಕ್ಸಾಲಿಕ್ ಆಸಿಡ್ ಕರಗಿಸಿ ಹಚ್ಚಿ. ಕಲೆ ಹೋದ ಮೇಲೆ ಚೆನ್ನಾಗಿ ತೊಳೆದು ಒಣಗಿಸಿ. ಕೈಗವಸು, ಕನ್ನಡಕ ಬಿಡಬೇಡಿ. ಒಣಗಿದ ಪುಡಿ ಮೂಗಿಗೆ ಹೋಗಬಾರದು.

ಅದಕ್ಕೂ ಮೊದಲು ಆ ಓಕ್ ಯಾವ ಜಾತಿ ನೋಡಿ. ಎರಡಿಂಚಿನ ತುಂಡಿನ ಒಂದು ತುದಿ ನೀರಲ್ಲಿ ಅದ್ದಿ ಇನ್ನೊಂದು ತುದಿಯಿಂದ ಊದಿ. ಗುಳ್ಳೆ ಬಂದರೆ ಕೆಂಪು ಓಕ್: ಅದರ ಎಳೆಗಳು ಕೊಳವೆ ಥರ ತೆರೆದೇ ಇರುತ್ತವೆ, ತುದಿಯಿಂದ ನೀರು ಹೀರಿಕೊಳ್ಳುತ್ತೆ. ಹೊರಗಿನ ಕೆಲಸಕ್ಕೆ ಅದು ಬೇಡ. ಬಿಳಿ ಓಕ್ ಅಥವಾ ತೇಗ ಹಾಕಿ. ತೇಗ ಆದರೆ ಎಪಾಕ್ಸಿ (ರಾಳಕ್ಕೆ ಹಾರ್ಡನರ್ ಬೆರೆಸಿ ಗಟ್ಟಿಯಾಗಿಸೋ ಅಂಟು) ಹಚ್ಚೋ ಮುಂಚೆ ಅಸಿಟೋನ್‌ನಲ್ಲಿ ಒರೆಸಿ, ಇಲ್ಲದಿದ್ದರೆ ಅದರ ಎಣ್ಣೆ ಅಂಟು ಹಿಡಿಯೋಕೆ ಬಿಡಲ್ಲ.

ಸಿಲಿಕೋನ್ ಪೂರ್ತಿ ಹೋಗಬೇಕು. ಪ್ಲಾಸ್ಟಿಕ್ ಬ್ಲೇಡಲ್ಲಿ ಕೆರೆದು, ಸಿಲಿಕೋನ್ ರಿಮೂವರ್ ಹಚ್ಚಿ, ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್. ಮೊದಲೇ ಸ್ಯಾಂಡ್‌ಪೇಪರ್ ಹಾಕಬೇಡಿ, ಉಳಿದದ್ದು ಮರದ ರಂಧ್ರಕ್ಕೆ ಇನ್ನೂ ಒಳಗೆ ಇಳಿಯುತ್ತೆ. ಅಲ್ಯೂಮಿನಿಯಂ ಮೇಲೆ ನೀರು ಚಿಮುಕಿಸಿ ನೋಡಿ: ತೆಳುವಾಗಿ ಹರಡಿದರೆ ಶುದ್ಧ, ಹನಿಹನಿಯಾಗಿ ಉರುಳಿದರೆ ಇನ್ನೂ ಇದೆ.

ಗರಗಸ

ಮೇಲಿನ ಮಾತಿಗೆ ನನ್ನದೂ ಒಪ್ಪಿಗೆ. ತೂತುಗಳ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ನಿಮ್ಮ ಕ್ಯಾಂಪರ್ ಉಳಿಯೋದು ಅಲ್ಲೇ.

ಪ್ಲೈವುಡ್ ತೇವ ಶೇ. 15ಕ್ಕಿಂತ ಕೆಳಗೆ ಬರೋವರೆಗೆ ಫ್ಯಾನು, ಹೀಟರ್ ಇಟ್ಟು ಒಣಗಿಸಿ. ಕೈಯಲ್ಲಿ ಮುಟ್ಟಿ ಅಂದಾಜು ಮಾಡಬೇಡಿ, ತೇವ ಅಳೆಯೋ ಮೀಟರ್ ತನ್ನಿ. ಆಮೇಲೆ ಪ್ರತಿ ಸ್ಕ್ರೂ ತೂತನ್ನೂ ಕಾಲಿಂಚಿನ ಡ್ರಿಲ್ ಬಿಟ್ಟಿನಲ್ಲಿ, ಸ್ಕ್ರೂ ಇಳಿಯೋ ಆಳಕ್ಕಿಂತ ಚೂರು ಹೆಚ್ಚು ಕೊರೆಯಿರಿ. ಮೊದಲು ತೆಳು ಎಪಾಕ್ಸಿ ಸುರಿದು ಪದರಗಳಿಗೆ ಕುಡಿಸಿ. ಹೀರೋದು ನಿಂತ ಮೇಲೆ ಸಿಲಿಕಾ ಪುಡಿ ಬೆರೆಸಿ ಇಡ್ಲಿ ಹಿಟ್ಟಿನ ಹದಕ್ಕೆ ತಂದ ಎಪಾಕ್ಸಿ ತುಂಬಿ, ಹಾಳೆಯ ಮಟ್ಟಕ್ಕೆ ಸವರಿ. ಗಟ್ಟಿಯಾದ ಮೇಲೆ ಅದರ ನಟ್ಟನಡುವೆ ಪೈಲಟ್ ತೂತು (ಸ್ಕ್ರೂಗೆ ದಾರಿ ಮಾಡೋ ಸಣ್ಣ ತೂತು). ಈಗ ಸ್ಕ್ರೂ ಸುತ್ತ ಎಪಾಕ್ಸಿಯ ಕೊಳವೆ ಇರುತ್ತೆ: ನೀರು ಇಳಿದರೂ ಮರಕ್ಕೆ ತಾಗಲ್ಲ, ಹೊಸದಾಗಿ ಹಾಕೋ ಸ್ಟೇನ್‌ಲೆಸ್ ಸ್ಕ್ರೂ ಅಲ್ಯೂಮಿನಿಯಂಗೂ ತಾಗಲ್ಲ. ಆ ಎರಡು ಲೋಹ ಒದ್ದೆಯಲ್ಲಿ ಮುಟ್ಟಿಕೊಂಡಿದ್ದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತೆ.

ಪಟ್ಟಿಯ ಚೂಪು ಅಂಚುಗಳನ್ನ 3 ಮಿ.ಮೀ. ದುಂಡು ಮಾಡಿ, ಚೂಪಿನ ಮೇಲೆ ವಾರ್ನಿಶ್ ನಿಲ್ಲಲ್ಲ. ಕೂರಿಸೋ ಮುಂಚೆಯೇ ಆರೂ ಮುಖಕ್ಕೆ ಎರಡು ಕೋಟ್ ಎಪಾಕ್ಸಿ, ಕೊಯ್ದ ತುದಿಗಳಿಗೆ ಕುಡಿಯೋದು ನಿಲ್ಲೋವರೆಗೆ. ಗಟ್ಟಿಯಾದ ಎಪಾಕ್ಸಿ ಮೇಲೆ ಮೇಣದಂಥ ಜಿಡ್ಡು ಕೂರಬಹುದು. ಬರೀ ನೀರು, ಸ್ಕಾಚ್‌ಬ್ರೈಟ್‌ನಿಂದ (ಪಾತ್ರೆ ಉಜ್ಜೋ ನಾರು) ತೊಳೆದು, 220 ನಂಬರಿನ ಸ್ಯಾಂಡ್‌ಪೇಪರ್ ಉಜ್ಜಿ, ಮೇಲೆ ಐದಾರು ಕೋಟ್ ಸ್ಪಾರ್ ವಾರ್ನಿಶ್. ಬಿಸಿಲಿಗೆ ಎಪಾಕ್ಸಿ ತಡೆಯಲ್ಲ, ಆ ವಾರ್ನಿಶ್ಶೇ ಅದರ ಕೊಡೆ.

ಪಟ್ಟಿಯ ಕೆಳಗೆ ಸಿಲಿಕೋನ್ ಬದಲು ಬ್ಯುಟೈಲ್ ಟೇಪ್ (ಮೆತ್ತನೆಯ ಅಂಟು ರಬ್ಬರಿನ ಪಟ್ಟಿ), ಮುಕ್ಕಾಲು ಇಂಚು ಅಗಲ, 1/8 ಇಂಚು ದಪ್ಪ. ಓಕ್ ಉಬ್ಬುತ್ತೆ, ಕುಗ್ಗುತ್ತೆ. ಅಲ್ಯೂಮಿನಿಯಂ ಬಿಸಿಲಿಗೆ ಹಿಗ್ಗುತ್ತೆ. ಬ್ಯುಟೈಲ್ ಗಟ್ಟಿಯಾಗದೆ ಅವೆರಡರ ಜೊತೆ ಎಳೆದಾಡ್ಕೊಂಡು ಇರುತ್ತೆ. ಪ್ರತಿ ಸ್ಕ್ರೂವಿನ ಕುತ್ತಿಗೆಗೂ ಟೇಪಿನ ಸಣ್ಣ ಎಳೆ ಸುತ್ತಿ ಇಳಿಸಿ. ಸ್ಕ್ರೂ 8ನೇ ನಂಬರ್, ಒಂದೂಕಾಲು ಇಂಚು, ಸ್ಟೇನ್‌ಲೆಸ್, 4 ಇಂಚಿಗೊಂದು. 8 ಇಂಚು ಬಿಟ್ಟರೆ ನಡುವೆ ಪಟ್ಟಿ ಬಿಲ್ಲಿನಂತೆ ಏಳುತ್ತೆ.

ಒಂದೇ ಸಲ ಬಿಗಿಯಬೇಡಿ. ಮೊದಲ ದಿನ ಟೇಪ್ ಎರಡೂ ಬದಿ ಇಣುಕುವಷ್ಟು, ಮಾರನೇ ದಿನ ಕಾಲು ಸುತ್ತು, ಮೂರನೇ ದಿನ ಇನ್ನೊಂದು ಚೂರು. ಹೊರಬಂದದ್ದನ್ನ ಪ್ಲಾಸ್ಟಿಕ್ ಚಾಕುವಿನಲ್ಲಿ ಕತ್ತರಿಸಿ.

ಕೀಲು

ಕಪಾಟಿನ ಮೇಲ್ಮೂಲೆಯ ತೇವಕ್ಕೆ ಪಟ್ಟಿಯೊಂದೇ ಕಾರಣ ಅಂತ ನನಗನಿಸಲ್ಲ. ಹಿಂಬಾಗಿಲಿನ ಉದ್ದ ಕೀಲು ಛಾವಣಿಯ ನೀರನ್ನೆಲ್ಲ ಎರಡು ತುದಿಗೆ ಸಾಗಿಸುತ್ತೆ. ಆ ತುದಿಯಲ್ಲಿ ನಿಮ್ಮ ಪಟ್ಟಿ ಅಡ್ಡ ನಿಂತರೆ ಅಣೆಕಟ್ಟು ಕಟ್ಟಿದ ಹಾಗೆ, ನೀರು ನಿಂತು ಹಿಂದಕ್ಕೆ ಸರಿದು ಒಳಗೆ ಇಳಿಯುತ್ತೆ. ಕೀಲಿನ ತುದಿ ಎದುರು ಪಟ್ಟಿಯಲ್ಲಿ ಕಾಲಿಂಚು ಸಂದಿ ಬಿಡಿ, ಅಲ್ಲಿ ಕೊಯ್ದ ತುದಿಗಳಿಗೂ ಎಪಾಕ್ಸಿ ಕುಡಿಸಿ.

ಬಿಚ್ಚೋ ಮುಂಚೆ ಇದನ್ನ ಖಚಿತ ಮಾಡಿಕೊಳ್ಳಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಪೈಪಿನಿಂದ ಒತ್ತಡವಿಲ್ಲದೆ ನೀರು ಬಿಡಲಿ. ಕೆಳಗಿನಿಂದ ಶುರು ಮಾಡಿ, ಒಂದೊಂದು ಅಡಿಗೆ ಐದು ನಿಮಿಷ ಕಾದು ಮೇಲಕ್ಕೆ ಹೋಗಿ. ಮೇಲಿಂದ ಶುರು ಮಾಡಿದರೆ ಎಲ್ಲಿಂದ ಬಂತು ಅಂತ ಗೊತ್ತಾಗಲ್ಲ.

ಮಳೆಪಟ್ಟಿ

ಧನ್ಯವಾದ. ಟೇಪು, ಸ್ಕ್ರೂ ಎಷ್ಟು ತರಲಿ? ಗ್ಯಾರೇಜು ರಾತ್ರಿ 8 ಡಿಗ್ರಿಗೆ ಇಳಿಯುತ್ತೆ, ಎಪಾಕ್ಸಿ ಗಟ್ಟಿಯಾಗುತ್ತಾ?

ಗರಗಸ

ಅಂಚಿಗೆ ಹಗ್ಗ ಹಿಡಿದು ಅಳೆಯಿರಿ. ಒಂದು ಬದಿಗೆ 12 ಅಡಿ ಬಂದರೆ ಎರಡಕ್ಕೂ 24 ಅಡಿ: 4 ಇಂಚಿಗೊಂದರಂತೆ 72 ಸ್ಕ್ರೂ, ತುದಿಗಳದ್ದು ಸೇರಿಸಿ 100ರ ಡಬ್ಬಿ ತನ್ನಿ. ಟೇಪ್ 30 ಅಡಿಯ ಸುರುಳಿ ಎರಡು. ಸ್ಕ್ರೂ ಕುತ್ತಿಗೆಗೂ ಬೇಕಲ್ಲ.

8 ಡಿಗ್ರಿಗೆ ನಿಧಾನದ ಹಾರ್ಡನರ್ ಬೇಡ, ವೇಗದ್ದು ತಗೊಳ್ಳಿ, ಡಬ್ಬಿಗಳನ್ನ ಮನೆಯೊಳಗೆ ಬೆಚ್ಚಗಿಡಿ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಸುರಿಯಬೇಡಿ, ಡಬ್ಬಿ ಮೇಲಿನ ಅಳತೆಯೇ ಅಳತೆ. ಮೀರಿದರೆ ಅಂಟಂಟಾಗೇ ಉಳಿಯುತ್ತೆ. ಮರವನ್ನ ಮೊದಲು ಹೀಟರ್‌ನಿಂದ ಬೆಚ್ಚಗೆ ಮಾಡಿ, ಹೀಟರ್ ಆರಿಸಿ, ಮರ ತಣ್ಣಗಾಗ್ತಿರುವಾಗ ಹಚ್ಚಿ: ಆಗ ಮರ ಎಪಾಕ್ಸಿಯನ್ನ ಒಳಗೆಳೆದುಕೊಳ್ಳುತ್ತೆ. ಬಿಸಿ ಏರ್ತಿರುವಾಗ ಹಚ್ಚಿದರೆ ಒಳಗಿನ ಗಾಳಿ ಹೊರಬಂದು ಮೈತುಂಬ ಗುಳ್ಳೆ ಏಳುತ್ತೆ.

ಬ್ಯುಟೈಲ್ ಕೂರಿಸೋ ದಿನ ಗ್ಯಾರೇಜು 15 ಡಿಗ್ರಿಗಿಂತ ಮೇಲಿರಲಿ, ಚಳಿಗೆ ಅದು ಹಿಂಡಿಕೊಳ್ಳಲ್ಲ.